ಸದ್ದು ಬದಲಾಗುವ ತನಕ

ನೀರು ಸರಬರಾಜು ಕಚೇರಿಯಲ್ಲಿ ಕೈಪಿಡಿಯ ಆರನೆಯ ಸಭೆ ಮುಗಿದಾಗ ಪಂಪ್‌ಮನೆಯ ಮೇಸ್ತ್ರಿ ನಿವೃತ್ತರಾಗಲು ಒಂದೇ ಗಂಟೆ ಉಳಿದಿತ್ತು. ಆ ಹಳೆಯ ಪಂಪನ್ನು ಪಳಗಿಸುವ ಗುಟ್ಟು ಗೊತ್ತಿದ್ದದ್ದು ಅವರೊಬ್ಬರಿಗೇ. ಅದನ್ನು ಬರೆದಿಡಲೆಂದೇ ಕೈಪಿಡಿಯ ಯೋಜನೆ ಹುಟ್ಟಿದ್ದು. ಆದರೆ ನಮೂನೆಗೆ ಒಪ್ಪಿಗೆ ಸಿಗುವ ತನಕ ಒಂದಕ್ಷರವನ್ನೂ ಬರೆಯಕೂಡದೆಂದು ಸಾಹೇಬರ ಕಟ್ಟಪ್ಪಣೆ. ಅಂಚು ಎಷ್ಟು ಬಿಡಬೇಕು, ಎಚ್ಚರಿಕೆಯ ಚೌಕಕ್ಕೆ ಕೆಂಪೋ ಹಳದಿಯೋ ಎಂದು ತಲೆ ಚಚ್ಚಿಕೊಳ್ಳುವುದರಲ್ಲೇ ಆರು ವಾರ ಹೋಗಿತ್ತು.

"ಅಂತೂ ಸಹಿ ಬಿತ್ತು," ಎಂದು ಸಾಹೇಬರು ಖಾಲಿ ನಮೂನೆಯನ್ನು ಕೈಪಿಡಿ ಬರೆಯುವವಳಿಗೆ ಕೊಟ್ಟರು. "ಇನ್ನು ಆರಾಮಾಗಿ ಬರೀರಿ."

ಅವಳಿಗೆ ನಗಲೂ ತ್ರಾಣವಿರಲಿಲ್ಲ. ಕಾಗದ ಹಿಡಿದು ಪಂಪ್‌ಮನೆಗೆ ಓಡಿದಳು.

ಮೇಸ್ತ್ರಿ ಮೇಜು ಖಾಲಿ ಮಾಡುತ್ತಿದ್ದರು. "ಬಂದ್ಯಾ ತಾಯಿ? ಇವತ್ತೂ ಬಣ್ಣದ ಪಂಚಾಯ್ತಿನಾ?"

"ಇಲ್ಲ ಮೇಸ್ತ್ರಿ, ಇವತ್ತು ಬರ್ಕೊಳ್ಳೋದೇ. ಬೇಗ ಹೇಳಿ, ವಾಲ್ವ್ ಎಷ್ಟು ಸುತ್ತು ತಿರುಗಿಸ್ತೀರಿ?"

"ಸುತ್ತು ಯಾರು ಎಣಿಸ್ತಾರೆ? ಸದ್ದು ಬದಲಾಗೋ ತನಕ ತಿರುಗಿಸೋದು."

ಪಂಪ್ ಚಾಲೂ ಮಾಡಿ, ಅವಳ ಅಂಗೈಯನ್ನು ಪೈಪಿನ ಮೇಲೆ ಇರಿಸಿ, ವಾಲ್ವ್ ತಿರುಗಿಸಿದರು. "ಹಾಂ, ಈಗ ಬಂತು ನೋಡು." ಅವಳಿಗೆ ಕೇಳಿಸಿದ್ದು ಒಂದೇ ಸಮನೆ ಗಡಗಡ. ಇನ್ನೆರಡು ಸಲ ಮಾಡಿ ತೋರಿಸಿದರು. ಅವಳು ಸುತ್ತು ಎಣಿಸಿದಳು. ಒಮ್ಮೆ ಏಳಾಯಿತು, ಒಮ್ಮೆ ಒಂಬತ್ತೂವರೆ.

"ತಪ್ಪಿದ್ರೆ ಏನಾಗುತ್ತೆ?"

"ಪೈಪ್ ಒಡೆಯುತ್ತೆ. ಅರ್ಧ ಊರಿಗೆ ನೀರಿಲ್ಲ."

"ಈ ಸದ್ದು ನಿಮ್ಮ ಕಿವಿಗೆ ಹತ್ತೋಕೆ ಎಷ್ಟು ದಿನ ಬೇಕಾಯ್ತು?"

ಮೇಸ್ತ್ರಿ ಯೋಚಿಸಿದರು. "ಒಂದು ತಿಂಗಳು ಹಿಡೀತು. ದಿನಾ ಬಂದು ಕೇಳಿದ್ರೆ ಯಾರಿಗಾದ್ರೂ ಬರುತ್ತೆ ಕಣಮ್ಮಾ."

ಆರು ವಾರ ಅವಳು ಇದೇ ಕಟ್ಟಡದಲ್ಲಿ, ಎರಡು ಗೋಡೆ ಆಚೆ, ಹಳದಿಯ ಪರವಾಗಿ ವಾದಿಸುತ್ತ ಕೂತಿದ್ದಳು.

ಐದು ಗಂಟೆ ಹೊಡೆಯಿತು. ಮೇಸ್ತ್ರಿ ಕೈ ಒರೆಸಿಕೊಂಡು, ಬೀಗದ ಕೈ ಅವಳಿಗೊಪ್ಪಿಸಿ, ಚೀಲ ಹೆಗಲಿಗೇರಿಸಿ ಹೊರಟರು.

ಅವಳು ಅಲ್ಲೇ ಕೂತು ನಮೂನೆ ತುಂಬಿದಳು. ಕೊನೆಗೆ ಉಳಿದದ್ದು 'ಅಳತೆ' ಎಂಬ ಕಾಲಂ. ಸದ್ದು ಬದಲಾಗುವ ತನಕ ಎಂದು ಬರೆಯಹೊರಟವಳಿಗೆ ಅದರಡಿಯ ಸಣ್ಣಕ್ಷರ ಕಂಡಿತು: ಅಂಕಿಯಲ್ಲಿ ಮಾತ್ರ ನಮೂದಿಸತಕ್ಕದ್ದು. ಅದು ನಾಲ್ಕನೆಯ ಸಭೆಯ ತೀರ್ಮಾನ. ಅವಳೂ ಕೈ ಎತ್ತಿದ್ದಳು.

ಆ ಖಾಲಿ ಚೌಕದಲ್ಲಿ ಅವಳು ಪೆನ್ನು ಒತ್ತಿ ಹಿಡಿದು, ಒಂದಂಕಿಯೂ ತಪ್ಪಾಗದಂತೆ, ಮೇಸ್ತ್ರಿಯ ಮನೆಯ ಫೋನ್ ನಂಬರ್ ಬರೆದಳು.