ಮಾಡ ಬೀದಿಯಲ್ಲಿ ಒಂದು ಸುತ್ತು

ಐತಪ್ಪನಿಗೆ ಲೈಸೆನ್ಸ್ ಇರಲಿಲ್ಲ. ಹೋಟೆಲಿನ ಮೊಪೆಡ್‌ನಲ್ಲಿ ಚೆನ್ನೈಯ ಮೈಲಾಪೂರಿನ ಮನೆಗಳಿಗೆ ಇಪ್ಪತ್ತಾರು ವರ್ಷ ಊಟ ಮುಟ್ಟಿಸಿದವನು ಹೋದ ಸೋಮವಾರ ಪೊಲೀಸರ ಕೈಗೆ ಸಿಕ್ಕಿಬಿದ್ದ. ಯಜಮಾನ ಜಯಪ್ರಕಾಶ್ ಕೀಲಿ ಕಿತ್ತಿಟ್ಟುಕೊಂಡ. ಯಜಮಾನನ ಮಗಳು ಪ್ರಣಮ್ಯಾ ಮಾತ್ರ ಬಿಡದೆ, ಸೈಕಲ್ ಅಂಗಡಿಯವರನ್ನು ಕಾಡಿಸಿ, ಡಚ್ ಮಾದರಿಯ ಸೈಕಲ್ ಒಂದನ್ನು ಟ್ರಯಲ್‌ಗೆ ತರಿಸಿದಳು.

ಎತ್ತರದ ಹ್ಯಾಂಡಲ್, ಮುಂದೊಂದು ಹಿಂದೊಂದು ಅಗಲವಾದ ಕ್ಯಾರಿಯರ್. ಐತಪ್ಪ ಒಂದೇ ಕೈಯಲ್ಲಿ ಎತ್ತಿ ನೋಡಿದ. "ಇದೆಂತ ಮಾರಾಯ್ತಿ, ಖಾಲಿ ಸಿಲಿಂಡರಿಗಿಂತ ಹಗುರ ಉಂಟು!"

"ಮಾಮಾ, ಹ್ಯಾಂಡಲ್‌ನಲ್ಲಿ ಬ್ರೇಕ್ ಕಿಡೆಯಾದು, ಇಲ್ಲವೇ ಇಲ್ಲ. ಪೆಡಲ್ ಹಿಂದಕ್ಕೆ ತುಳಿದ್ರೆ ಅದೇ ಬ್ರೇಕ್. ಓಕೆವಾ?"

"ಹಿಂದೆ ಯಾಕೆ ಮೆಟ್ಟುದು ಮಗಾ? ನಾನು ಹೋಗುದು ಮುಂದೆ ಅಲ್ವಾ?"

ಜಯಪ್ರಕಾಶ್ ಗಲ್ಲಾ ಬಿಟ್ಟು ಬಾಗಿಲಿಗೆ ಬಂದ. "ಖಾಲಿ ಓಡಿಸಿ ಎಂತ ಗೊತ್ತಾಗ್ತದೆ? ಲೋಡ್ ಇಟ್ಕೊಂಡು ಹೋಗು. ದೇವಸ್ಥಾನದ ಸುತ್ತಿನ ನಾಲ್ಕು ಮಾಡ ಬೀದಿ ಸುತ್ತಿ ಏನೂ ಚೆಲ್ಲದೆ ಬಂದ್ರೆ ಸೈಕಲ್ ತಗೊಳ್ತೇನೆ, ಊಟ ಕೊಡುವ ಹತ್ತೊಂಬತ್ತು ಮನೆಯೂ ನಿಂದೇ. ಚೆಲ್ಲಿದ್ರೆ ಡೆಲಿವರಿ ಆ್ಯಪ್‌ನವರಿಗೆ ಕೊಡ್ತೇನೆ. ನೀನು ಗ್ರೈಂಡರ್ ನೋಡ್ಕೋ."

ಮುಂದೆ ಅರವತ್ತು ಗೋಳಿಬಜೆಯ ಡಬ್ಬ, ಅದರ ಪಕ್ಕ ಚಟ್ನಿಯ ಕ್ಯಾನು. ಪ್ರಣಮ್ಯಾ ಮುಚ್ಚಳ ಬಿಗಿಯಲು ಹೋದಾಗ ಐತಪ್ಪ ಅವಳ ಕೈ ತಡೆದ. ಬಿಗಿದರೆ ಹಬೆಗೆ ಬಜೆ ಮೆತ್ತಗಾಗುತ್ತದೆ. ಅವನು ಇಷ್ಟು ವರ್ಷವೂ ಡಬ್ಬದ್ದಾಗಲಿ ಕ್ಯಾನಿನದ್ದಾಗಲಿ ಮುಚ್ಚಳವನ್ನು ಸುಮ್ಮನೆ ಮೇಲಿಟ್ಟೇ ಒಯ್ದವನು. ಹಿಂದಿನ ಕ್ಯಾರಿಯರ್ ಮೇಲೆ ಪ್ರಣಮ್ಯಾ ತಾನೇ ಏರಿ ಕೂತಳು. "ನಾನೂ ಲೋಡೇ!"

ಸೈಕಲ್ ಬೆಣ್ಣೆಯ ಮೇಲೆ ಜಾರಿದಂತೆ ಹೋಯಿತು. ಮೊದಲ ತಿರುವಿನಲ್ಲಿ ಐತಪ್ಪ ಉಸಿರು ಬಿಗಿಹಿಡಿದಿದ್ದ. ಎರಡನೆಯದರಲ್ಲಿ ಹೂವಿನವಳಿಗೆ "ಎನ್ನಮ್ಮಾ, ಸೌಖ್ಯಮಾ?" ಎಂದ. ಮೂರನೆಯದರಲ್ಲಿ ನಿಂತಿದ್ದ ಆಟೋಗಳನ್ನೆಲ್ಲ ಹಿಂದೆ ಹಾಕಿ, ಬೆಲ್ ಹೊಡೆದು ಹೊಡೆದು ಎಮ್ಮೆಯೊಂದನ್ನು ಬೆದರಿಸಿದ.

"ಮಾಮಾ, ಸ್ಪೀಡ್! ಇನ್ನೂ ಸ್ಪೀಡ್!"

"ಹಿಡ್ಕೋ ಮಗಾ, ವಿಮಾನ ಇದು!"

ನಾಲ್ಕನೆಯ ಬೀದಿಯ ಕೊನೆಗೆ ಹೋಟೆಲಿನ ಬೋರ್ಡ್ ಕಂಡಿತು. ಬಾಗಿಲಲ್ಲಿ ಜಯಪ್ರಕಾಶ್, ಬಿಳಿ ಪಂಚೆಯಲ್ಲಿ. ಒಂದು ಹನಿಯೂ ಚೆಲ್ಲಿರಲಿಲ್ಲ. ಐವತ್ತನಾಲ್ಕರ ಐತಪ್ಪನಿಗೆ ಖುಷಿ ತಡೆಯಲಾಗಲಿಲ್ಲ. ಬಾಡಿಗೆ ಸೈಕಲ್ಲಿನಲ್ಲಿ ಇಳಿಜಾರು ಇಳಿಯುವ ಹುಡುಗರು ಚೈನಿನ ಕಿರ್‌ಕಿರ್ ಕೇಳಲೆಂದು ಪೆಡಲನ್ನು ಗಿರಗಿರನೆ ಹಿಂದಕ್ಕೆ ತಿರುಗಿಸುತ್ತಾರಲ್ಲ, ಅವನೂ ಹಾಗೇ ತಿರುಗಿಸಿದ.

ಸೈಕಲ್ ಇದ್ದ ಜಾಗದಲ್ಲೇ ನಿಂತಿತು. ಉಳಿದದ್ದೆಲ್ಲ ಮುಂದಕ್ಕೆ ಹೋಯಿತು. ಬಜೆಗಳು ಹಾರಿ, ಬಿದ್ದು, ಬೀದಿಯುದ್ದಕ್ಕೂ ಉರುಳಿದವು. ಚಟ್ನಿ ನೇರವಾಗಿ ಪಂಚೆಗೆ ಬಡಿಯಿತು. ಐತಪ್ಪ ಹ್ಯಾಂಡಲ್ ಮೇಲೆ ಕವುಚಿಕೊಂಡಿದ್ದ. ಅವನ ಬೆನ್ನ ಮೇಲೆ ಪ್ರಣಮ್ಯಾ.

ಮೊದಲು ನಕ್ಕವಳು ಅವಳು. ಆಮೇಲೆ ಐತಪ್ಪ. ಇಬ್ಬರೂ ರಸ್ತೆಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಧಣಿಗಳೇ," ಐತಪ್ಪ ಏದುಸಿರಿನಲ್ಲಿ ಕೂಗಿದ, "ಬ್ರೇಕ್ ಮಾತ್ರ ಭಾರೀ ಲಾಯ್ಕ ಉಂಟು!"

ಜಯಪ್ರಕಾಶ್ ನಗಲಿಲ್ಲ. ಪಂಚೆ ಕೊಡವಿಕೊಂಡು, ಫೋನ್ ತೆಗೆದು, ಒಳಗೆ ಹೋದ.

ಹೋದದ್ದು ಇಷ್ಟು: ಗೋಳಿಬಜೆ ಅರವತ್ತು, ಚಟ್ನಿ ನಾಲ್ಕು ಲೀಟರ್, ಮನೆ ಹತ್ತೊಂಬತ್ತು.