ಕೊನೆಯ ಬೋಲ್ಟು

ಬಿಚ್ಚಿ ಮತ್ತೆ ಜೋಡಿಸಿದ ಇಂಧನದ ಪಂಪು ಕೂರಿಸಿ ಚಾಲೂ ಮಾಡಿದ್ದೇ ತಡ, ಡೀಸೆಲ್ ಎಂಜಿನ್ ಹುಚ್ಚೆದ್ದು ಅರಚತೊಡಗಿತು. ಸ್ಟಾಪ್ ಲಿವರ್ ಎಳೆದರೂ ನಿಲ್ಲಲಿಲ್ಲ. ಶಿಷ್ಯ ಪರಮಾನಂದ ಗಾಳಿ ಎಳೆಯುವ ಬಾಯಿಗೆ ಹಲಗೆ ಒತ್ತಿ ಅದರ ಉಸಿರು ಕಟ್ಟಿಸಿದ. ಪೀಣ್ಯದ ಆ ಶೆಡ್ಡು ಗಪ್ಪಾಯಿತು.

ಪಂಪಿನ ಮುಚ್ಚಳ ತೆಗೆದ. ವೇಗ ಹಿಡಿದಿಡುವ ಗವರ್ನರಿನ ಪಿನ್ನೇ ಒಳಗಿರಲಿಲ್ಲ. "ಪಿನ್ನು ಮುರದೈತಿ ನೋಡ್ರಿ, ಕಾಕಾ," ಎಂದ, ಮುಖ ನೋಡದೆ.

ಪಂಪು ಜೋಡಿಸಿದ್ದ ಉಸ್ತಾದ ಚನಬಸಪ್ಪ ಅಂಗಿಯ ಜೇಬಿಗೆ ಕೈ ಹಾಕಿದ. ಬಿಚ್ಚಿದ ಸಣ್ಣ ಸಾಮಾನು ಕಳೆಯದಂತೆ ಅಲ್ಲಿಡುವುದು ಅವನ ರೂಢಿ. ಪಿನ್ನು ಇತ್ತು, ಇಡಿಯಾಗಿ.

ಪರಮಾನಂದ ಅದನ್ನು ಕೂರಿಸಿ ಪಕ್ಕಕ್ಕೆ ಸರಿದ. ಮುಚ್ಚಳದ ಕೊನೆಯ ಬೋಲ್ಟು ಬಿಗಿಯುವುದು ಯಾವತ್ತೂ ಉಸ್ತಾದನ ಹಕ್ಕು. ಚನಬಸಪ್ಪ ಸ್ಪ್ಯಾನರ್ ಎತ್ತಿಕೊಂಡ. ತುಸು ಹೊತ್ತು ಹಿಡಿದುಕೊಂಡಿದ್ದು, ಅದನ್ನು ಪರಮಾನಂದನ ಅಂಗೈಯಲ್ಲಿಟ್ಟ.

"ಇನ್ನ ಮ್ಯಾಲ ನೀನ ಟೈಟ್ ಮಾಡಪಾ."