ಗೇಟಿನಾಚೆಯ ಮಗ್ಗಿ

ಅಜ್ಜಿ ಸುವಾರ್ತಮ್ಮನ ಶವಪೆಟ್ಟಿಗೆಯ ಪಕ್ಕ ನಿಂತ ರೂತಮ್ಮನಿಗೆ ದನಿಯೇ ಹೊರಡಲಿಲ್ಲ. ಹೊಸಪೇಟೆಯ ಆ ಚರ್ಚಿನಲ್ಲಿ ಯಾವ ಕೀರ್ತನೆಯಾದರೂ ಮೊದಲ ಸಾಲನ್ನು ಸುವಾರ್ತಮ್ಮನೇ ಎತ್ತಿಕೊಡಬೇಕು, ಆಮೇಲೆ ಉಳಿದವರು ಕೂಡಿಕೊಳ್ಳಬೇಕು. ಇಂದು ಅವಳ ಮೆಚ್ಚಿನ ಕೀರ್ತನೆಯನ್ನು ಎತ್ತುವವರೇ ಇರಲಿಲ್ಲ.

"ಹಾಡವ್ವಾ ರೂತಾ," ಪಾದ್ರಿಗಳು ಪಿಸುಗುಟ್ಟಿದರು. "ಹಾಡಿಲ್ದ ಹೆಂಗ ಕಳಸೋದು ಅವ್ರನ್ನ?"

ಆಗ ಚರ್ಚಿನ ಗೇಟಿನ ಹೊರಗಿನಿಂದ ಒಂದು ಗಡಸು ದನಿ ಅದೇ ಕೀರ್ತನೆಯ ರಾಗ ಎತ್ತಿತು. ಎಂದೂ ಚರ್ಚಿನ ಒಳಗೆ ಕಾಲಿಡದ ಅಕ್ಕಿ ಗಿರಣಿಯ ಕೊಟ್ರಯ್ಯ, ಹಣೆ ತುಂಬ ವಿಭೂತಿ, ಕಣ್ಣು ಮುಚ್ಚಿ ಹಾಡುತ್ತಿದ್ದ: "ಎರಡೊಂದ್ಲೆ ಎರಡು, ಎರಡೆರಡ್ಲೆ ನಾಕು..." ಮಿಶನ್ ಶಾಲೆಯಲ್ಲಿ ಸುವಾರ್ತಮ್ಮ ಅಕ್ಕೋರು ಮಗ್ಗಿ ಕಲಿಸಿದ್ದೇ ಆ ರಾಗದಲ್ಲಿ. ಆ ರಾಗಕ್ಕೆ ಅವನಿಗೆ ಗೊತ್ತಿದ್ದ ಮಾತೂ ಅಷ್ಟೇ. ಅವನ ಹಿಂದೆ ಬೀದಿ ತುಂಬ ನಿಂತಿದ್ದ ಹಮಾಲರು, ಕಬ್ಬಿನ ಗದ್ದೆಯ ರೈತರು, ಕೂಸುಗಳನ್ನು ಎತ್ತಿಕೊಂಡ ಹೆಂಗಸರು, ಹೀಗೆ ಅಕ್ಕೋರ ಹತ್ತಿರ ಕಲಿತವರೆಲ್ಲ ದನಿಗೂಡಿಸಿದರು.

ಪಾದ್ರಿಗಳು ದಂಗಾಗಿ ರೂತಮ್ಮನ ಮುಖ ನೋಡಿದರು. ಅವಳು ಓಡಿ ಹೋಗಿ ಗೇಟು ತೆರೆದಳು. "ಒಳಗ ಬರ್ರಿ, ಎಲ್ಲಾರೂ ಬರ್ರಿ! ಹೆಗಲು ಕೊಡ್ರಿ!"

ಕೊಟ್ರಯ್ಯನ ಹೆಗಲ ಮೇಲೆ ಪೆಟ್ಟಿಗೆ ಏರಿತು. ರೂತಮ್ಮ ಕೀರ್ತನೆಯ ಮಾತನ್ನು ಬಿಟ್ಟು, ಅಜ್ಜಿಯ ಹಾಗೆಯೇ ತಲೆ ಎತ್ತಿ, ಎಲ್ಲರಿಗಿಂತ ಮೇಲಿನ ದನಿಯಲ್ಲಿ ಹಾಡಿದಳು: "ಎರಡ್ಮೂರ್ಲೆ ಆರು!"